ಓಬವ್ವನ ಒನಕೆ ಎಷ್ಟು ಭಾರವಿತ್ತು?

(ಚಿತ್ರದುರ್ಗದಲ್ಲಿ ಶಾಲಾ ಶಿಕ್ಷಕರಿಗಾಗಿ ನಡೆದ ಮಕ್ಕಳ ಸಾಹಿತ್ಯ ಕಮ್ಮಟದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ನೀವು ಕಳುಹಿಸಿದ್ದ ಹಸ್ತಪ್ರತಿಗಳನ್ನೆಲ್ಲ ಓದಿಕೊಂಡೇ ಇಲ್ಲಿಗೆ ಬಂದಿದ್ದೇನೆ. ಅವುಗಳಲ್ಲಿ ಮೂರು ಬಗೆ ಇವೆ. ದುರ್ಗದ ಇತಿಹಾಸದ್ದು ಒಂದು, ಕಾಡು ಮತ್ತು ಪ್ರಾಣಿಗಳದ್ದು ಇನ್ನೊಂದು, ಅಜ್ಜಿ, ಗೆಳೆಯ, ಅಣ್ಣ ತಂಗಿಯರದ್ದು ಮತ್ತೊಂದು. ವಸ್ತು ಮೂರಾದರೂ ಕೊನೆಯ ಪ್ಯಾರಾ ಮಾತ್ರ ಎಲ್ಲದರಲ್ಲೂ ಒಂದೇ. ‘ನೋಡಿದಿರಾ ಮಕ್ಕಳೇ’ ಎಂದು ಶುರುವಾಗುತ್ತದೆ. ಓಬವ್ವನಿಂದ ಧೈರ್ಯ ಕಲಿಯಬೇಕು, ಮರದಿಂದ ತ್ಯಾಗ ಕಲಿಯಬೇಕು, ಅಜ್ಜಿಯಿಂದ ಪ್ರೀತಿ ಕಲಿಯಬೇಕು. ಆ ಪ್ಯಾರಾವನ್ನು ಯಾವ ಮಗುವೂ ತಾನಾಗಿ ಓದುವುದಿಲ್ಲ. ಪರೀಕ್ಷೆಗೆ ಬರುತ್ತದೆ ಎಂದರೆ ಓದುತ್ತದೆ, ಬರೆದು ಬಂದು ಮರೆಯುತ್ತದೆ.

ನಾನು ಈ ಹೊತ್ತು ಹೇಳಬೇಕೆಂದಿರುವುದು ಒಂದೇ ಮಾತು. ಗುಣದ ಬಗ್ಗೆ ಬರೆಯುವುದನ್ನು ಬಿಡಿ, ಕೆಲಸದ ಬಗ್ಗೆ ಬರೆಯಿರಿ. ಯಾರು ಏನು ಮಾಡುತ್ತಿದ್ದರು, ಯಾವುದರಿಂದ ಮಾಡುತ್ತಿದ್ದರು, ಮಾಡುವಾಗ ಎಲ್ಲಿ ಕಷ್ಟವಾಗುತ್ತಿತ್ತು, ಎಲ್ಲಿ ಕೈ ಜಾರುತ್ತಿತ್ತು. ಇತಿಹಾಸಕ್ಕೂ ಇದೇ, ಕರಡಿಗೂ ಇದೇ, ಅಪ್ಪ ಮಗಳ ಮುನಿಸಿಗೂ ಇದೇ. ಮಕ್ಕಳಿಗೆ ಕೆಲಸ ನೋಡುವ ಹುಚ್ಚು. ರಸ್ತೆ ಅಗೆಯುವ ಜೆಸಿಬಿ ಮುಂದೆ ಊರಿನ ಮಕ್ಕಳೆಲ್ಲ ಏಕೆ ನಿಂತಿರುತ್ತಾರೆ, ಯೋಚಿಸಿ ನೋಡಿ.

ದುರ್ಗದವರ ಮುಂದೆ ಓಬವ್ವನ ಕಥೆ ತೆಗೆಯುವುದಕ್ಕೆ ನನಗೂ ಸ್ವಲ್ಪ ಧೈರ್ಯ ಬೇಕು. ಹೈದರಾಲಿಯ ಮುತ್ತಿಗೆ, ಕಾವಲಿನ ಕಹಳೆ ಮುದ್ದಹನುಮಪ್ಪ ಊಟಕ್ಕೆ ಮನೆಗೆ ಬಂದದ್ದು, ಹೆಂಡತಿ ನೀರಿಗೆ ಹೋದದ್ದು, ಕಿಂಡಿಯಲ್ಲಿ ಸಿಪಾಯಿಗಳು ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತದ್ದು, ಎಲ್ಲವೂ ನಿಮಗೆ ಗೊತ್ತು. ಒಂದು ಶಾಲೆಯಲ್ಲಿ ಮೇಷ್ಟ್ರು ಈ ಕಥೆಯನ್ನು ಬಹಳ ಚೆನ್ನಾಗಿ ಹೇಳಿದರು. ಮುಗಿಸಿದ ಮೇಲೆ ಹುಡುಗನೊಬ್ಬ ಎದ್ದು ನಿಂತು, ‘ಒನಕೆ ಎಷ್ಟು ಭಾರವಿತ್ತು ಸರ್?’ ಎಂದು ಕೇಳಿದ. ಮೇಷ್ಟ್ರಿಗೆ ರೇಗಿತು. ‘ಭಾರ ಮುಖ್ಯವಲ್ಲ, ಆಕೆಯ ಶೌರ್ಯ ಮುಖ್ಯ, ಕುಳಿತುಕೋ’ ಎಂದರು.

ಭಾರವೇ ಮುಖ್ಯ. ಆ ಹುಡುಗನ ಪ್ರಶ್ನೆಗೆ ಒಂದು ಪುಸ್ತಕವನ್ನೇ ಬರೆಯಬಹುದು. ಈಗಿನ ಮಕ್ಕಳಲ್ಲಿ ಒನಕೆಯನ್ನು ಕೈಯಲ್ಲಿ ಹಿಡಿದವರು ಎಷ್ಟು ಮಂದಿ? ಗಟ್ಟಿ ಮರ, ಹೆಚ್ಚು ಕಡಿಮೆ ಆಳೆತ್ತರ, ತುದಿಗೆ ಕಬ್ಬಿಣದ ಬಳೆ, ನಡುವೆ ಕೈ ಹಿಡಿಯುವ ಜಾಗ ಸವೆದು ನುಣುಪಾಗಿರುತ್ತದೆ. ಈ ಸೀಮೆಯ ಹೆಂಗಸರು ಅದರಲ್ಲಿ ನವಣೆ ಕುಟ್ಟಿದರು, ಸಾಮೆ ಕುಟ್ಟಿದರು. ಕುಟ್ಟುವುದೆಂದರೆ ಎತ್ತಿ ಬಿಡುವುದಷ್ಟೇ ಅಲ್ಲ. ಒರಳಿನ ನಡುವಿಗೇ ಬೀಳಬೇಕು, ಹೊಟ್ಟು ಬಿಡಬೇಕು, ಕಾಳು ನುಚ್ಚಾಗಬಾರದು. ಒಂದು ಕೈ ಸೋತಾಗ ಇನ್ನೊಂದಕ್ಕೆ ಬದಲಾಯಿಸಬೇಕು. ಒಂದೇ ಒರಳಿಗೆ ಇಬ್ಬರು ನಿಂತರಂತೂ ಒಬ್ಬಳ ಒನಕೆ ಏಳುವಾಗ ಇನ್ನೊಬ್ಬಳದು ಇಳಿಯಬೇಕು; ಲಯ ತಪ್ಪಿದರೆ ಒನಕೆಗೆ ಒನಕೆ ಬಡಿಯುತ್ತದೆ. ಇದನ್ನು ನಿತ್ಯ ಮಾಡಿದ ಹೆಂಗಸಿನ ತೋಳು, ಭುಜ, ಗುರಿ ಎಂಥದ್ದಿರಬೇಡ? ಧೈರ್ಯ ಆ ದಿನ ಬಂದಿರಬಹುದು, ತೋಳು ಮೊದಲೇ ಇತ್ತು. ಇಷ್ಟು ಬರೆದರೆ ‘ಓಬವ್ವ ಧೈರ್ಯಶಾಲಿ’ ಎಂದು ಬೇರೆ ಬರೆಯುವ ಅಗತ್ಯವೇ ಬೀಳುವುದಿಲ್ಲ.

ಮಕ್ಕಳನ್ನು ಆ ಕಿಂಡಿಗೆ ಕರೆದುಕೊಂಡು ಹೋಗಿ. ಒಬ್ಬೊಬ್ಬರೇ, ಅದೂ ಮೈ ಬಗ್ಗಿಸಿ ನುಸುಳಬೇಕು. ಒಬ್ಬ ಹೆಂಗಸು ಒಂದು ದಂಡನ್ನು ತಡೆದದ್ದು ಹೇಗೆ ಎಂಬುದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹತ್ತಿರದಲ್ಲೇ ತಣ್ಣೀರು ದೋಣಿ ಇದೆ, ನೀರಿಗೆ ಬರುವುದೆಂದರೆ ಎಷ್ಟು ದೂರ ಎಂಬುದೂ ಗೊತ್ತಾಗುತ್ತದೆ.

ಅದೇ ಶಾಲೆಯಲ್ಲಿ ಹುಡುಗಿಯೊಬ್ಬಳು ಇನ್ನೊಂದು ಪ್ರಶ್ನೆ ಕೇಳಿದಳು. ಗಂಡ ಮನೆಯಲ್ಲೇ ಇದ್ದನಲ್ಲ, ಅವನನ್ನು ಏಕೆ ಕೂಗಲಿಲ್ಲ? ಊಟಕ್ಕೆ ಕುಳಿತವನನ್ನು ಎಬ್ಬಿಸಬಾರದೆಂದು ಕೂಗಲಿಲ್ಲ ಎಂದು ನಮ್ಮ ಹಿರಿಯರು ಹೇಳಿಕೊಂಡು ಬಂದಿದ್ದಾರೆ. ಇಲ್ಲಿ ಲೇಖಕರಿಗೆ ಎರಡು ಆಸೆ ಹುಟ್ಟುತ್ತವೆ. ಒಂದು, ಆಹಾ ಎಂಥ ಪತಿವ್ರತೆ ಎಂದು ಹೊಗಳುವುದು. ಇನ್ನೊಂದು, ಇದು ಅನ್ಯಾಯ ಎಂದು ಈಗಿನ ಕಾಲದ ಪಾಠ ಹೇಳುವುದು. ಎರಡನ್ನೂ ತಡೆದುಕೊಳ್ಳಿ. ಜನ ಹೀಗೆ ಹೇಳುತ್ತಾರೆ ಎಂದಷ್ಟೇ ಬರೆದು ಮುಂದೆ ಹೋಗಿ. ಐದನೇ ತರಗತಿಯ ಹುಡುಗಿ ಅದನ್ನು ಮನೆಗೆ ಒಯ್ದು ರಾತ್ರಿ ಊಟದ ಹೊತ್ತಿನಲ್ಲಿ ಜಗಳ ತೆಗೆಯುತ್ತಾಳೆ. ಅದಕ್ಕಿಂತ ಒಳ್ಳೆಯ ಗತಿ ಪುಸ್ತಕಕ್ಕೆ ಇನ್ನೇನು ಬೇಕು?

ಇದೇ ಕಥೆಯಲ್ಲಿ ಕಿಂಡಿಯಿಂದ ಬಂದವರೂ ಇದ್ದಾರೆ. ಎಷ್ಟು ಹೆಣ ಬಿತ್ತು ಎಂದು ಲೆಕ್ಕ ಏರಿಸುವ ಹಸ್ತಪ್ರತಿಗಳನ್ನು ಕಂಡಿದ್ದೇನೆ, ಶತ್ರುವನ್ನು ರಾಕ್ಷಸ ಮಾಡಿದ್ದನ್ನೂ ಕಂಡಿದ್ದೇನೆ. ಆ ಸಿಪಾಯಿಗಳಿಗೂ ಕಿಂಡಿ ನುಸುಳುವುದು ಯಾರೋ ಒಪ್ಪಿಸಿದ ಕೆಲಸವೇ. 1779ರಲ್ಲಿ ದುರ್ಗ ಹೈದರನ ವಶವಾಯಿತು, ಮದಕರಿನಾಯಕ ಸೆರೆಯಾದ. ಅದನ್ನು ಮುಚ್ಚಿಡಬೇಕಿಲ್ಲ, ಮೆತ್ತಗೆ ಮಾಡಬೇಕಿಲ್ಲ. ಆದರೆ ನಿಮ್ಮ ತರಗತಿಯಲ್ಲಿ ಹೈದರ್ ಎಂಬ ಹೆಸರಿನ ಹುಡುಗನೂ ಕುಳಿತಿರುತ್ತಾನೆ. ಪುಸ್ತಕ ಅವನ ಕೈಗೂ ಹೋಗುತ್ತದೆ. ಆ ಪುಟ ಬಂದಾಗ ಅವನು ತಲೆ ತಗ್ಗಿಸುವಂತಾದರೆ ತಪ್ಪು ಲೇಖಕನದು.

ಈಗ ಕೋಟೆಯನ್ನು ಬಿಟ್ಟು ಮೊಳಕಾಲ್ಮೂರಿನ ಕಡೆ ಹೋಗೋಣ. ನನಗೆ ಬಹಳ ಇಷ್ಟವಾದ ಮನುಷ್ಯನೊಬ್ಬ ಅಲ್ಲಿದ್ದಾನೆ.

ಬ್ರಹ್ಮಗಿರಿಯ ಅಶೋಕನ ಶಾಸನ ನಿಮಗೆ ಗೊತ್ತು. 1892ರಲ್ಲಿ ಬಿ.ಎಲ್. ರೈಸ್ ಅವರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಈ ಮೂರು ಕಡೆ ಅಶೋಕನ ಶಾಸನಗಳನ್ನು ಬೆಳಕಿಗೆ ತಂದರು. ಮಕ್ಕಳ ಪುಸ್ತಕಗಳಲ್ಲಿ ಇದು ಹೇಗೆ ಬರುತ್ತದೆ? ‘ಅಶೋಕನು ಶಾಂತಿಪ್ರಿಯನಾಗಿದ್ದನು, ಜನರಿಗೆ ಒಳ್ಳೆಯ ಮಾತುಗಳನ್ನು ಬರೆಸಿದನು’ ಎಂದು. ಶಾಸನದಲ್ಲಿ ಒಳ್ಳೆಯ ಮಾತುಗಳಿವೆ ನಿಜ. ತಾಯಿ ತಂದೆಯರ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ನಿಜ ಹೇಳಬೇಕು, ಶಿಷ್ಯ ಗುರುವನ್ನು ಗೌರವಿಸಬೇಕು, ಬಂಧುಗಳ ಜೊತೆ ತಕ್ಕ ರೀತಿಯಲ್ಲಿ ನಡೆದುಕೊಳ್ಳಬೇಕು. ಇದನ್ನು ಓದಿದ ಮಗು ಏನೆನ್ನುತ್ತದೆ? ಬೆಳಗಿನ ಪ್ರಾರ್ಥನೆಯ ನಂತರ ಹೆಡ್ ಮೇಷ್ಟ್ರು ಹೇಳುವುದೂ ಇದೇ ಅಲ್ಲವೇ ಎನ್ನುತ್ತದೆ. ಚಕ್ರವರ್ತಿಯ ಬಾಯಿಂದ ಬಂದರೂ ಉಪದೇಶ ಉಪದೇಶವೇ.

ಆದರೆ ಆ ಶಾಸನದ ಎರಡೂ ತುದಿಗಳನ್ನು ನೋಡಿ. ಶುರುವಾಗುವುದು ಕಾಗದದ ಹಾಗೆ. ಸುವರ್ಣಗಿರಿಯಿಂದ ಆರ್ಯಪುತ್ರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲ ಎಂಬ ಊರಿನ ಮಹಾಮಾತ್ರರಿಗೆ ಆರೋಗ್ಯ ವಿಚಾರಿಸಿ ಹೇಳುವುದೇನೆಂದರೆ, ಎಂದು. ಅಂದರೆ ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಪತ್ರ! ಕ್ಷೇಮ ಕೇಳಿ ವಿಷಯಕ್ಕೆ ಬರುವುದು ಆಗಲೂ ಇತ್ತು. ಇನ್ನು ಕೊನೆಯಲ್ಲಿ ಒಬ್ಬ ತನ್ನ ಹೆಸರು ಹಾಕಿದ್ದಾನೆ. ಲಿಪಿಕಾರ ಚಪಡ ಬರೆದದ್ದು ಎಂದು. ಇಡೀ ಶಾಸನ ಬ್ರಾಹ್ಮೀ ಲಿಪಿಯಲ್ಲಿ ಎಡದಿಂದ ಬಲಕ್ಕೆ ಸಾಗುತ್ತದೆ. ‘ಲಿಪಿಕಾರ’ ಎಂಬ ತನ್ನ ಕಸುಬಿನ ಹೆಸರನ್ನು ಮಾತ್ರ ಚಪಡ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ, ಈಗಿನ ಪೆಶಾವರದ ಸೀಮೆಯದು. ಇಲ್ಲಿನ ಜನಕ್ಕೆ ಅದನ್ನು ಓದಲು ಬರುತ್ತಿರಲಿಲ್ಲ. ಮತ್ತೆ ಯಾರಿಗೆ ಬರೆದ?

ಮಕ್ಕಳ ಮುಂದೆ ಈ ಪ್ರಶ್ನೆ ಇಟ್ಟು ನೋಡಿ, ತರಗತಿ ಗದ್ದಲವಾಗುತ್ತದೆ. ಜಂಬಕ್ಕೆ ಬರೆದ ಎನ್ನುತ್ತಾರೆ. ಊರು ನೆನಪಾಗಿ ಬರೆದ ಎನ್ನುತ್ತಾರೆ. ಸಾಹೇಬರಿಗೆ ಗೊತ್ತಾಗದ ಹಾಗೆ ಬರೆದ ಎನ್ನುವವರೂ ಇದ್ದಾರೆ. ಬೆಂಚಿನ ಮೇಲೆ ಕೈವಾರದ ಮೊನೆಯಿಂದ ಹೆಸರು ಕೆತ್ತಿದವರಿಗೆ ಚಪಡ ಬಹಳ ಬೇಗ ಅರ್ಥವಾಗುತ್ತಾನೆ. ಇನ್ನೂ ಒಂದಿದೆ. ಹತ್ತಿರ ಹತ್ತಿರದ ಮೂರೂ ಕಡೆ ಇರುವುದು ಒಂದೇ ಪಾಠ, ಮೂರರಲ್ಲೂ ಚಪಡನದೇ ಹೆಸರು. ಹೋಂವರ್ಕ್ ಮಾಡದೆ ಬಂದವರಿಗೆ ‘ಮೂರು ಸಲ ಬರೆದುಕೊಂಡು ಬಾ’ ಎನ್ನುತ್ತೀರಲ್ಲ, ಹಾಗೆ ಎರಡು ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಮೊಳಕಾಲ್ಮೂರಿನ ಬಿಸಿಲಿನಲ್ಲಿ ಮೂರು ಸಲ ಬರೆದವನು ಇವನು.

ಇಲ್ಲಿ ಒಂದು ಶಿಸ್ತು ಬೇಕು. ಬಂಡೆ ಹೇಳುವುದು ಎಷ್ಟು, ಲೇಖಕ ಊಹಿಸಿದ್ದು ಎಷ್ಟು ಎಂಬುದು ಮಗುವಿಗೆ ಗೊತ್ತಾಗಬೇಕು. ಚಪಡನಿಗೆ ಹೆಂಡತಿ, ಮಗ, ಕುದುರೆ ಎಲ್ಲ ಕೊಟ್ಟು ಕಥೆ ಕಟ್ಟಿ, ತಪ್ಪೇನಿಲ್ಲ. ಒಂದು ಕಡೆ ನಿಂತು, ‘ಬಂಡೆಯ ಮೇಲೆ ಇರುವುದು ಇಷ್ಟೇ, ಉಳಿದದ್ದು ನನ್ನದು’ ಎಂದುಬಿಡಿ. ಕಥೆಯ ರುಚಿ ಕೆಡುತ್ತದೆ ಎಂದು ಹೆದರಬೇಡಿ. ಹಾಗೆಂದ ಕೂಡಲೇ ಮಗು ತನ್ನದನ್ನೂ ಸೇರಿಸಲು ಶುರು ಮಾಡುತ್ತದೆ.

ನಿಸರ್ಗದ ವಿಷಯಕ್ಕೆ ಬರುತ್ತೇನೆ. ‘ನಾನೊಂದು ಮಳೆಹನಿ’ ಎಂದು ಶುರುವಾಗುವ ಬರಹಗಳು ನಿಮ್ಮ ಕಟ್ಟಿನಲ್ಲೇ ಹಲವು ಇದ್ದವು. ನಾನೊಂದು ಮರ, ನಾನೊಂದು ನದಿ, ನಾನೊಂದು ಹರಿದ ಚಪ್ಪಲಿ. ಈ ಆತ್ಮಕಥೆಗಳ ಕಾಟ ನಮ್ಮ ಪ್ರಬಂಧದ ಪುಸ್ತಕಗಳಿಂದ ಬಂದದ್ದು, ಇನ್ನೂ ತೊಲಗಿಲ್ಲ. ಮಳೆಹನಿ ಮಾತನಾಡುವುದು ಬೇಡ. ಕೋಟೆಯ ಮೇಲೆ ಬಿದ್ದ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಬರೆಯಿರಿ. ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಇಳಿದು ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆಹೊಂಡಕ್ಕೆ. ಬಂಡೆಯ ಇಳಿಜಾರನ್ನು ನೋಡಿ ನೀರಿಗೆ ದಾರಿ ಮಾಡಿದವರು ಯಾರು, ಹೂಳು ತೆಗೆದವರು ಯಾರು? ಇದು ಇತಿಹಾಸವೋ ಪರಿಸರವೋ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವ ಗೋಜಿಗೆ ಹೋಗಬೇಡಿ.

ಕರಡಿಯದು ಇನ್ನೂ ಗಂಭೀರ ವಿಷಯ. ಜೋಗಿಮಟ್ಟಿಯ ಆಸುಪಾಸಿನ ಹಳ್ಳಿಗಳಲ್ಲಿ ಪಾಠ ಮಾಡುವವರು ಇಲ್ಲಿದ್ದೀರಿ. ಇಬ್ಬರು ಗೆಳೆಯರು ಕಾಡಿಗೆ ಹೋದ ಹಳೆಯ ಕಥೆಯನ್ನು ನೀವೂ ಹೇಳಿರುತ್ತೀರಿ. ಕರಡಿ ಬಂತು, ಒಬ್ಬ ಮರ ಹತ್ತಿದ, ಇನ್ನೊಬ್ಬ ಸತ್ತಂತೆ ಮಲಗಿದ, ಕರಡಿ ಮೂಸಿ ನೋಡಿ ಹೋಯಿತು. ನೀತಿ: ಕಷ್ಟಕ್ಕಾಗುವವನೇ ನಿಜವಾದ ಗೆಳೆಯ. ಸ್ನೇಹದ ಪಾಠ ಸರಿಯೇ ಇರಬಹುದು, ಕರಡಿಯ ಪಾಠ ಪೂರ್ತಿ ತಪ್ಪು. ನಮ್ಮ ಕರಡಿ ಮರ ಹತ್ತುತ್ತದೆ, ಜೇನಿಗಾಗಿ ಹತ್ತುವುದು ಅದರ ನಿತ್ಯದ ಕಸುಬು. ಸಿಕ್ಕರೆ ಸತ್ತ ಪ್ರಾಣಿಯನ್ನೂ ತಿನ್ನುತ್ತದೆ. ಅಂದಮೇಲೆ ಮೇಲಿನವನೂ ಕೆಟ್ಟ, ಕೆಳಗಿನವನೂ ಕೆಟ್ಟ! ನಗಬೇಡಿ, ಸೀತಾಫಲಕ್ಕೆಂದು ಗುಡ್ಡ ಹತ್ತುವ ಮಕ್ಕಳಿಗೆ ನಾವು ಹೇಳಿಕೊಡುತ್ತಿರುವುದು ಇದನ್ನೇ. ಅವರಿಗೆ ತಿಳಿಯಬೇಕಾದದ್ದು ಬೇರೆ. ಕರಡಿಗೆ ಕಣ್ಣು, ಕಿವಿ ಅಷ್ಟು ಚುರುಕಿಲ್ಲ, ಮೂಗೊಂದೇ ಚುರುಕು. ನಾವು ಬರುವುದು ಅದಕ್ಕೆ ಬೇಗ ತಿಳಿಯುವುದಿಲ್ಲ, ಹತ್ತಿರದಲ್ಲಿ ತಟ್ಟನೆ ಎದುರಾದರೆ ಗಾಬರಿ ಬಿದ್ದು ಮೇಲೆ ಬೀಳುತ್ತದೆ. ಆದ್ದರಿಂದ ಮಾತನಾಡುತ್ತ, ಸದ್ದು ಮಾಡುತ್ತ ಹೋಗಬೇಕು.

ಇನ್ನು ಕರಡಿಯ ಕೆಲಸ ನೋಡಿ. ಗೆದ್ದಲಿನ ಹುತ್ತವನ್ನು ಉದ್ದನೆಯ ಉಗುರಿನಿಂದ ಬಗೆಯುತ್ತದೆ. ಮೂತಿ ಇಟ್ಟು ಮೊದಲು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ತುಟಿ ಚಾಚಿ ಹುಳುಗಳನ್ನು ಎಳೆದುಕೊಳ್ಳುತ್ತದೆ. ಮೇಲಿನ ಸಾಲಿನ ನಡುವಿನ ಎರಡು ಹಲ್ಲು ಅದಕ್ಕೆ ಇರುವುದೇ ಇಲ್ಲ, ಹೀರಲು ಆ ಸಂದೇ ಅನುಕೂಲ. ಮಣ್ಣು ಒಳಗೆ ಹೋಗದಂತೆ ಮೂಗಿನ ಹೊಳ್ಳೆ ಮುಚ್ಚಿಕೊಳ್ಳುತ್ತದೆ. ಮುಂದಿನ ಹಲ್ಲು ಬಿದ್ದ ಎರಡನೇ ತರಗತಿಯ ಮಗು ಇದನ್ನು ಕೇಳಿದ ಕೂಡಲೇ ತಾನೂ ತುಟಿ ಚಾಚಿ ಹೀರಿ ನೋಡುತ್ತದೆ. ಅಷ್ಟಾದರೆ ಪುಟ ಗೆದ್ದಂತೆ. ತಾಯಿಕರಡಿ ಮರಿಗಳನ್ನು ಬೆನ್ನ ಮೇಲೆ ಹೊತ್ತು ತಿರುಗುತ್ತದೆ, ಅವು ಜೂಲು ಹಿಡಿದು ಕೂರುತ್ತವೆ. ಹೀಗೆ ಬರೆದು, ‘ತಾಯಿಯ ಪ್ರೀತಿ ಎಷ್ಟು ದೊಡ್ಡದು!’ ಎಂದು ಸೇರಿಸದೆ ಇರುವುದಕ್ಕೆ ಲೇಖಕ ಕೈ ಕಟ್ಟಿ ಕೂರಬೇಕು. ಅಪ್ಪನ ಬೈಕಿನ ಹಿಂದೆ ಅಂಗಿ ಹಿಡಿದು ಕೂತು ಬರುವ ಮಗುವಿಗೆ ನೀವು ಹೇಳಬೇಕಾದದ್ದು ಏನೂ ಉಳಿದಿಲ್ಲ.

ದಾವಣಗೆರೆ ಕಡೆಯಿಂದ ಬಂದವರಿಗೆ ಒಂದು ಮಾತು. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆಂದೇ ವನ್ಯಧಾಮವಿದೆ. ಗಂಡಿಗೆ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ. ನಾಲ್ಕು ಕೊಂಬಿನ ಕಾಡುಪ್ರಾಣಿ ಪ್ರಪಂಚದಲ್ಲಿ ಬೇರೆ ಇಲ್ಲ. ನಿಮ್ಮ ಮಕ್ಕಳು ಜಿರಾಫೆ ಬಿಡಿಸುತ್ತಾರೆ, ಇದರ ಹೆಸರು ಕೇಳಿರುವುದಿಲ್ಲ. ಬರೆಯುವವರು ಬೇಕು.

ಕಾಲವನ್ನು ಮಕ್ಕಳಿಗೆ ತೋರಿಸುವುದು ಹೇಗೆ ಎಂದು ಬಹಳ ಜನ ಕೇಳುತ್ತಾರೆ. ಇಸವಿ ಹೇಳಿದರೆ ತಲೆಗೆ ಹೋಗುವುದಿಲ್ಲ. ವಾಣಿವಿಲಾಸ ಸಾಗರ ಅಣೆಕಟ್ಟನ್ನು ತೆಗೆದುಕೊಳ್ಳಿ. 1907ಕ್ಕೆ ಕಟ್ಟಿ ಮುಗಿಯಿತು, 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ! 1933ರಲ್ಲಿ ಅಪ್ಪನ ಹೆಗಲೇರಿ ಕೋಡಿ ನೋಡಿದ ಹುಡುಗಿ ಮಗಳಿಗೆ ಹೇಳಿದಳು, ಮಗಳು ತನ್ನ ಮಗನಿಗೆ ಹೇಳಿದಳು, ಯಾರೂ ಕಾಣಲಿಲ್ಲ, ಅಜ್ಜಿ ಸುಳ್ಳು ಹೇಳುತ್ತಾಳೆ ಎಂದು ಹುಡುಗರು ನಕ್ಕರು. ಆಮೇಲೆ ಒಂದು ಸೆಪ್ಟೆಂಬರಿನಲ್ಲಿ ಊರಿಗೂರೇ ಟ್ರ್ಯಾಕ್ಟರ್ ಹತ್ತಿ ಕೋಡಿ ನೋಡಲು ಹೊರಟಿತು. ಹಿರಿಯೂರಿನ ಕಡೆ ಯಾವ ಮನೆಗೆ ಹೋದರೂ ಇದರ ಒಂದು ಎಳೆ ಸಿಗುತ್ತದೆ. ಯಾರಾದರೂ ಬರೆಯದಿದ್ದರೆ ನಾನೇ ಬರೆಯುತ್ತೇನೆ, ಎಚ್ಚರಿಕೆ ಕೊಟ್ಟಿದ್ದೇನೆ.

ಮನುಷ್ಯ ಸಂಬಂಧದ ಕಥೆಗಳು ಎಲ್ಲಕ್ಕಿಂತ ಕಷ್ಟ. ನಮ್ಮ ಮಕ್ಕಳ ಕಥೆಗಳಲ್ಲಿ ಜಗಳವಾದರೆ ಎರಡನೇ ಪುಟದಲ್ಲಿ ತಪ್ಪು ಅರಿವಾಗುತ್ತದೆ, ಮೂರನೇ ಪುಟದಲ್ಲಿ ಅಪ್ಪಿಕೊಳ್ಳುತ್ತಾರೆ. ಮನೆಯಲ್ಲಿ ಹಾಗೆ ಆಗುವುದಿಲ್ಲ ಎಂದು ಮಗುವಿಗೆ ಗೊತ್ತು. ಇಲ್ಲೂ ಕೆಲಸವನ್ನೇ ಹಿಡಿಯಿರಿ.

ಮೊಳಕಾಲ್ಮೂರಿನ ರೇಷ್ಮೆ ಸೀರೆ ನೇಯುವ ಮನೆ ಎಂದಿಟ್ಟುಕೊಳ್ಳಿ. ಒಡಲಿನ ಬಣ್ಣ ಬೇರೆ, ಅಂಚಿನ ಬಣ್ಣ ಬೇರೆ ಆದಾಗ ಅಡ್ಡ ನೂಲನ್ನು ಒಯ್ಯುವ ಲಾಳಿ ಮೂರು ಬೇಕಾಗುತ್ತದೆ. ನೇಯುವವರು ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುತ್ತಾರೆ, ಒಂದು ಅಂಚಿನ ಲಾಳಿ ಹಾಕಲು ಪಕ್ಕದಲ್ಲಿ ಇನ್ನೊಬ್ಬರು ಕೂರುತ್ತಾರೆ. ಅಪ್ಪ ನೇಯುತ್ತಾನೆ, ಮಗಳು ಪಕ್ಕದಲ್ಲಿ. ಶಾಲೆಯ ಪ್ರವಾಸಕ್ಕೆ ದುಡ್ಡು ಕೊಡುವುದಿಲ್ಲ ಎಂದು ಅಪ್ಪ ಹೇಳಿದ್ದಾನೆ. ಮಾತು ನಿಂತಿದೆ. ಆದರೆ ಸೀರೆ ನಿಲ್ಲುವಂತಿಲ್ಲ. ಅವನ ಲಾಳಿ ಬಂದ ಮೇಲೆ ಇವಳ ಲಾಳಿ ಹೋಗಲೇಬೇಕು, ಪ್ರತಿ ಎಳೆಗೂ. ಸಿಟ್ಟಿನಲ್ಲಿ ಜೋರಾಗಿ ಎಳೆದರೆ ಅಂಚು ಸೆಳೆದುಕೊಂಡು ಸುಕ್ಕಾಗುತ್ತದೆ. ಅಪ್ಪ ಅದನ್ನು ನೋಡುತ್ತಾನೆ, ಬಿಚ್ಚು ಎನ್ನುವುದಿಲ್ಲ. ಸೀರೆ ಮುಗಿದು ಮಾರಾಟವಾಗುತ್ತದೆ. ನಾಲ್ಕು ಬೆರಳಿನಷ್ಟು ಅಂಚು ಬಿಗಿದುಕೊಂಡಿದೆ, ಕೊಂಡವರಿಗೆ ಅದು ಕಾಣುವುದಿಲ್ಲ, ಇವರಿಬ್ಬರಿಗೆ ಕಾಣುತ್ತದೆ. ಕಥೆ ಇಷ್ಟೇ. ಕ್ಷಮೆ ಯಾರೂ ಕೇಳಲಿಲ್ಲ.

ಮಗು ಮಗ್ಗದಲ್ಲಿ ಕೂರುವುದನ್ನು ಬರೆದರೆ ಬಾಲಕಾರ್ಮಿಕ ಪದ್ಧತಿಯನ್ನು ಒಪ್ಪಿದಂತಾಗುವುದಿಲ್ಲವೇ ಎಂದು ಅಲ್ಲಿ ಯಾರೋ ಕೇಳಿದಿರಿ. ನ್ಯಾಯವಾದ ಪ್ರಶ್ನೆ. ಆ ಹುಡುಗಿ ಪ್ರವಾಸಕ್ಕೆ ಹೋಗಬೇಕಿತ್ತು, ಕಥೆಗೂ ಅದು ಗೊತ್ತು. ಅವಳ ಸಿಟ್ಟು ಇರುವುದೇ ಅದಕ್ಕೆ. ಆದರೆ ಶಾಲೆ ಬಿಟ್ಟ ಮೇಲೆ ಮನೆಗೆಲಸ ಮಾಡುವ ಮಕ್ಕಳು ನಿಮ್ಮ ತರಗತಿಯಲ್ಲಿದ್ದಾರೆ. ಅವರನ್ನು ಪುಸ್ತಕದಿಂದ ಹೊರಗಿಟ್ಟರೆ ಪದ್ಧತಿ ಹೋಗುವುದಿಲ್ಲ, ಅವರು ಹೋಗುತ್ತಾರೆ.

ಗುಳೆ ಹೋದವರ ಮಕ್ಕಳೂ ಹಾಗೆಯೇ. ಚಳ್ಳಕೆರೆ, ಜಗಳೂರಿನ ಹಳ್ಳಿಗಳಲ್ಲಿ ಅಪ್ಪ ಅಮ್ಮ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೋಗಿ, ಅಜ್ಜಿಯ ಜೊತೆ ಉಳಿದ ಮಕ್ಕಳಿದ್ದಾರೆ. ಒಬ್ಬ ಹುಡುಗ ಬರೆದುಕೊಟ್ಟದ್ದು ನನ್ನ ಬಳಿ ಇದೆ: ‘ಅಮ್ಮ ಫೋನಿನಲ್ಲಿ ಊಟ ಆಯಿತಾ ಎಂದು ಕೇಳುತ್ತಾಳೆ. ಆಯಿತು ಎನ್ನುತ್ತೇನೆ. ಆಮೇಲೆ ಇಬ್ಬರೂ ಸುಮ್ಮನಿರುತ್ತೇವೆ. ಅಜ್ಜಿ ಕರೆನ್ಸಿ ಖರ್ಚಾಗುತ್ತದೆ ಇಡು ಎನ್ನುತ್ತಾಳೆ.’ ಇದರ ಮೇಲೆ ನಾನು ಒಂದು ಅಕ್ಷರವನ್ನೂ ಸೇರಿಸಲಾರೆ. ವಾತ್ಸಲ್ಯ, ವಿರಹ, ಬಡತನ ಎಂಬ ಯಾವ ಪದವೂ ಅದರಲ್ಲಿಲ್ಲ.

ಚಿತ್ರಗಳ ಬಗ್ಗೆ ಎರಡೇ ಮಾತು, ಏಕೆಂದರೆ ಹೆಚ್ಚು ಹೇಳಿದರೆ ಸಿಟ್ಟು ಬರುತ್ತದೆ. ಓಬವ್ವನಿಗೆ ಮದುಮಗಳ ಒಡವೆ ಹಾಕುತ್ತಾರೆ. ಏಳು ಸುತ್ತಿನ ಕೋಟೆಗೆ ವಿಲಾಯಿತಿ ಅರಮನೆಯ ಚೂಪು ಗೋಪುರ ಇಡುತ್ತಾರೆ. ಕರಡಿ ಅಂಗಡಿಯ ಗೊಂಬೆಯಂತೆ ಕಂದು ಬಣ್ಣಕ್ಕಿರುತ್ತದೆ. ನಮ್ಮ ಕರಡಿ ಕಪ್ಪು, ಎದೆಯ ಮೇಲೆ ಬಿಳಿಯ ಗೆರೆ. ಕಲಾವಿದರನ್ನು ಬೈಯಬೇಡಿ, ಅವರಿಗೆ ನೀವು ಏನು ಕೊಟ್ಟಿರಿ? ಕಥೆಯ ಜೊತೆ ಕಿಂಡಿಯ ಫೋಟೊ, ಒರಳಿನ ಫೋಟೊ, ಮಗ್ಗದ ಫೋಟೊ ಕಳುಹಿಸಿ.

ಬರೆದದ್ದು ಸರಿಯಾಗಿದೆಯೇ ಎಂದು ದೊಡ್ಡವರನ್ನು ಕೇಳಬೇಡಿ, ಚೆನ್ನಾಗಿದೆ ಎನ್ನುತ್ತಾರೆ. ಊಟದ ಬೆಲ್ಲಿಗೆ ಸ್ವಲ್ಪ ಮುಂಚೆ ತರಗತಿಯಲ್ಲಿ ಗಟ್ಟಿಯಾಗಿ ಓದಿ. ಎಲ್ಲಿ ‘ಸರ್, ನೀರು ಕುಡಿದು ಬರಲಾ’ ಎಂದು ಮೊದಲ ಕೈ ಏಳುತ್ತದೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳಿ. ಬಹುಪಾಲು ಅಲ್ಲಿ ಗುಣವಾಚಕಗಳು ಗುಂಪಾಗಿ ಕುಳಿತಿರುತ್ತವೆ.

ಮಧ್ಯಾಹ್ನ ಸಂತೆಹೊಂಡದ ಕಡೆ ಹೋಗೋಣ. ಒಬ್ಬೊಬ್ಬರೂ ಒಬ್ಬ ಕೆಲಸಗಾರರನ್ನು ಹಿಡಿಯಿರಿ, ಚಪ್ಪಲಿ ಹೊಲಿಯುವವರು, ಹೂ ಕಟ್ಟುವವರು, ತಕ್ಕಡಿ ಹಿಡಿದವರು, ಯಾರಾದರೂ ಆದೀತು. ಅವರ ವ್ಯಾಪಾರಕ್ಕೆ ಅಡ್ಡ ಬರದಂತೆ ಪಕ್ಕದಲ್ಲಿ ನಿಂತು ಕೈ ನೋಡಿ. ಹತ್ತು ವಾಕ್ಯ ಸಾಕು. ‘ಶ್ರಮಜೀವಿ’ ಎಂದು ಬರೆದವರದನ್ನು ನಾನು ಓದುವುದಿಲ್ಲ. ನಾಲ್ಕು ಗಂಟೆಗೆ ಇಲ್ಲಿಗೇ ಬನ್ನಿ, ಹತ್ತಿರದ ಶಾಲೆಯ ಆರನೇ ತರಗತಿಯ ಮಕ್ಕಳು ಕೇಳಲು ಬರುತ್ತಾರೆ.